ಕಲಾಯಿ ಸಾಬರ ಲೋಳೆಸರ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ನಿಖರವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿಗೆ ನಾನು ಕೈಗಡಿಯಾರವನ್ನೇ ನೋಡುತ್ತಿದ್ದೆ. ಅದನ್ನು ಬಿಟ್ಟು ಬೇರೆ ಯಾವ ಕಡೆ ನೋಡಿದ್ದರೂ ಆಗುತ್ತಿತ್ತು.

ಶಿಕಾರಿಪುರದಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಹೊಂಗೆಮರದ ಕೆಳಗೆ ಕಲಾಯಿ ಸಾಬರು ಒಲೆ ಹೂಡಿದ್ದರು. ನನ್ನ ಹೆಂಡತಿ ಬಾಣಂತನ ಮುಗಿಸಿಕೊಂಡು ಸೊರಬದ ತಾಯಿಮನೆಯಿಂದ ಬಂದು ಮೂರು ವಾರವಾಗಿತ್ತು. ಆಕೆ ಇಲ್ಲದ ಐದು ತಿಂಗಳು ನಾನು ಹೋಟೆಲಿನಲ್ಲಿ ಉಂಡದ್ದರಿಂದ ಮನೆಯ ಹಿತ್ತಾಳೆ ಪಾತ್ರೆಗಳೆಲ್ಲ ಕಿಲುಬು ಹಿಡಿದಿದ್ದವು. ನಾನು ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿ ಎರಡು ವರ್ಷವಾಗಿತ್ತು. ಒಂದು ತಪ್ಪಲೆ ಕಾಯಲು ಎಷ್ಟು ನಿಮಿಷ, ಬಳಿದ ತವರ ಗಟ್ಟಿಯಾಗಲು ಎಷ್ಟು ನಿಮಿಷ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಾ ಕೂತಿದ್ದೆ. ತರಗತಿಯಲ್ಲಿ ಹೇಳಲಿಕ್ಕೆ ಒಂದು ಉದಾಹರಣೆಯಾಯಿತು ಎಂಬ ಉತ್ಸಾಹ. ಆಗ ಆಕೆ ಹೊರಗೆ ಬಂದು, ದೊಡ್ಡ ತಪ್ಪಲೆಯನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಎತ್ತಿದಳು.

ಆಕೆ ಕೂಗಲಿಲ್ಲ. ಉಸಿರು ಒಳಗೆ ಎಳೆದುಕೊಂಡ ಸದ್ದು ಮಾತ್ರ ಬಂತು. ಆಮೇಲೆ ತಪ್ಪಲೆ ಕಲ್ಲಿನ ಮೇಲೆ ಬಿದ್ದ ಸದ್ದು. ಇಂದಿಗೂ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ನಾನು ಎದ್ದು ನಿಲ್ಲುತ್ತೇನೆ.

ಕಳೆದ ತಿಂಗಳು ಸೊರಬದಿಂದ ನನ್ನ ಭಾವಮೈದುನ ಬರೆದ ಕಾಗದದ ಕೊನೆಯಲ್ಲಿ, ಬೇರೆ ಸುದ್ದಿಗಳೆಲ್ಲ ಮುಗಿದ ಮೇಲೆ, "ನಿಮ್ಮ ಕಲಾಯಿ ಸಾಬರು ತೀರಿಕೊಂಡರಂತೆ" ಎಂಬ ಒಂದು ಸಾಲಿತ್ತು. ಕಾಗದವನ್ನು ಹೆಂಡತಿಗೆ ಕೊಟ್ಟೆ. ಆಕೆ ಓದಿ, ಮಡಚಿ, ತನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡು ಒಳಗೆ ಹೋದಳು. ಅಂದಿನಿಂದ ಆ ಭಾನುವಾರ ಮತ್ತೆ ಮತ್ತೆ ನನ್ನ ಕಣ್ಣ ಮುಂದೆ ಬರುತ್ತಿದೆ.

ಸಾಬರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವರದೇ ಮಾತು. "ಮೇಷ್ಟ್ರೆ, ಯಾರಾದ್ರೂ ಕೇಳಿದ್ರೆ ಲೋಳಸರದ ಹೆಸ್ರು ಹೇಳ್ರಿ, ನನ್ನ ಹೆಸ್ರು ಬ್ಯಾಡ. ನಾಳೆ ಜನ ಡಾಕ್ಟರ್ನ ಬಿಟ್ಟು ನನ್ನ ಮನಿ ಮುಂದೆ ನಿಂತ್ರೆ ಅವ್ರ ಗತಿ ಏನ್ರಿ?" ಎಂದಿದ್ದರು.

ಊರಿಗೆ ಅವರು ಕಲಾಯಿ ಸಾಬರು. ಐವತ್ತರ ಆಸುಪಾಸಿನ ವಯಸ್ಸು, ಸಣಕಲು ಮೈ, ಹೊಗೆಗೆ ಕೆಂಪಾದ ಕಣ್ಣು, ತಲೆಗೆ ಸುತ್ತಿದ ಚೌಕುಳಿ ವಸ್ತ್ರ. ವಾರದಲ್ಲಿ ಮೂರು ದಿನ ಶಿಕಾರಿಪುರ, ಉಳಿದ ದಿನ ಸೊರಬ ಸೀಮೆಯ ಹಳ್ಳಿಗಳು. ತಿದಿ, ಇಕ್ಕಳ, ಇದ್ದಿಲಿನ ಚೀಲ, ಪಾತ್ರೆಯ ಕಿಲುಬು ತೆಗೆಯುವ ನವಸಾಗರದ ಪುಡಿಯ ಡಬ್ಬಿ, ಒಂದು ಗಂಟು ಅರಳೆ, ಇಷ್ಟನ್ನೂ ಬಸ್ಸಿನ ಮೇಲೆ ಹೇರಿಕೊಂಡು ಹೋಗುತ್ತಿದ್ದರು. ಪಾತ್ರೆಯನ್ನು ಕೈಗೆ ತೆಗೆದುಕೊಂಡರೆ ಮೊದಲು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಸದ್ದು ಒಡೆದಿದ್ದರೆ, "ಇದಕ್ಕೆ ಬಿರುಕು ಐತಿ. ಕಲಾಯಿ ಹಾಕಿದ್ರೆ ನಾನು ನಿಮಗೆ ಮೋಸ ಮಾಡ್ದಂಗೆ" ಎಂದು ವಾಪಸು ಕೊಡುತ್ತಿದ್ದರು. ಕೆಂಡದ ಮೇಲೆ ತಿರುಗಿಸುತ್ತಾ, ಬಣ್ಣ ನೋಡಿ ನವಸಾಗರ ಎಸೆದು, ಆ ಬಿಳಿ ಹೊಗೆಯೊಳಗೆ ತವರದ ಕಡ್ಡಿಯನ್ನು ಒಮ್ಮೆ ಎಳೆದು ಅರಳೆಯಲ್ಲಿ ಒರೆಸಿದರೆ, ಕರಿಯ ತಪ್ಪಲೆಯ ಒಳಗೆ ಬೆಳ್ಳಿ ಹರಿದಂತಾಗುತ್ತಿತ್ತು. ಇದನ್ನು ನೋಡಲು ಬೀದಿಯ ಹೆಂಗಸರು ಕೆಲಸ ಬಿಟ್ಟು ಬರುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಒಲೆ ಹೂಡಿದ ಕೂಡಲೇ ನೆಲದ ಮೇಲೆ ಇದ್ದಿಲಿನಿಂದ ಉದ್ದಕ್ಕೆ ಒಂದು ಗೆರೆ ಎಳೆಯುತ್ತಿದ್ದರು. ಕಲಾಯಿಯಾದ ಪಾತ್ರೆ ಒಲೆಯ ಬದಿಗೆ ಗೆರೆಯೊಳಗೆ ಕೂರುತ್ತಿತ್ತು. ಚೆನ್ನಾಗಿ ಆರಿದೆ ಎಂದು ತಮ್ಮ ಕೈಯಲ್ಲಿ ಮುಟ್ಟಿ ನೋಡಿದ ಮೇಲೆಯೇ ಅದನ್ನು ಗೆರೆಯಾಚೆ ಇಡುತ್ತಿದ್ದರು. ಗೆರೆಯ ಆಚೆ ಇದ್ದುದನ್ನು ಯಾರು ಬೇಕಾದರೂ ಕೇಳದೆ ಎತ್ತಿಕೊಂಡು ಹೋಗಬಹುದಿತ್ತು. ಬಿಸಿ ಪಾತ್ರೆಗೂ ತಣ್ಣಗಿನ ಪಾತ್ರೆಗೂ ನೋಡಲು ಏನೂ ವ್ಯತ್ಯಾಸವಿರದ ಕಸುಬಿನಲ್ಲಿ ಇಷ್ಟು ವರ್ಷ ಒಬ್ಬರ ಬೆರಳೂ ಸುಟ್ಟಿರಲಿಲ್ಲ ಎಂದರೆ ಆ ಗೆರೆಯಿಂದ. ನಮ್ಮ ಎದುರುಮನೆಯ ಅಜ್ಜಿ, "ನಮ್ಮನೇಲಿ ಗಂಡಸ್ರ ಮಾತು ಯಾರೂ ಕೇಳಲ್ಲ, ಸಾಬ್ರ ಗೆರೆ ಮಾತ್ರ ಕೇಳ್ತೀವಿ" ಎಂದು ನಗಾಡುತ್ತಿದ್ದರು.

ಆ ದಿನ ಸಾಬರು ಬೆನ್ನು ತಿರುಗಿಸಿ ತಿದಿಯ ತೊಗಲಿಗೆ ಗಂಟು ಹಾಕುತ್ತಿದ್ದಾಗ, ಒಳಗಿನ ತವರ ಬೆಳಕಿಗೆ ಹೇಗೆ ಕಾಣುತ್ತದೆಂದು ನೋಡುವ ಆಸೆಯಿಂದ, ನಾನು ಇಕ್ಕಳದಲ್ಲಿ ಆ ತಪ್ಪಲೆಯನ್ನು ಹಿಡಿದು ಬಿಸಿಲಿಗೆ ಎಳೆದಿದ್ದೆ. ಅದು ಗೆರೆ ದಾಟಿತ್ತು. ನೋಡಿದೆ, ಚೀಟಿಯಲ್ಲಿ ಬರೆದೆ, ಗಡಿಯಾರದ ಕಡೆ ತಿರುಗಿದೆ. ತಪ್ಪಲೆಯನ್ನು ಒಳಗೆ ತಳ್ಳುವುದು ಮರೆತುಹೋಯಿತು. ಯಾರೂ ನೋಡಿರಲಿಲ್ಲ.

ಆಮೇಲಿನ ಕೆಲವು ನಿಮಿಷಗಳಲ್ಲಿ ಸಾಬರು ಮಾಡಿದ್ದು ಒಂದೊಂದೂ ನನಗೆ ನೆನಪಿದೆ. ಅಜ್ಜಿ ಓಡಿ ಬಂದು, "ಶಾಯಿ ಹಾಕ್ರಿ, ತಂಪಾಗ್ತದೆ" ಎಂದರು. ನಾನು, ಕಾಲೇಜು ಓದಿದವನು, ಒಳಗೆ ಓಡಿ ನನ್ನ ಮೇಜಿನ ಶಾಯಿ ಬುಡ್ಡಿಯನ್ನೇ ತಂದೆ.

"ಮೇಷ್ಟ್ರೆ, ಬುಡ್ಡಿ ಒಳಗಿಡ್ರಿ," ಎಂದರು ಸಾಬರು. ದನಿ ಏರಿರಲಿಲ್ಲ. "ನೀರು ತರ್ರಿ. ಈ ಬಕೀಟಿಂದಲ್ಲ, ಇದ್ರಾಗೆ ನವಸಾಗರ ಐತಿ. ಕುಡಿಯೋ ನೀರು. ಒಂದು ಚೊಂಬಲ್ಲ, ಮನೇಲಿರೋವಷ್ಟೂ."

ನಾನು ಸುರಿಯುತ್ತಾ ಹೋದೆ. ಅಜ್ಜಿ ಕೊಡ ಹೊತ್ತು ತಂದರು. ನಡುವೆ ಸಾಬರು, "ತಾಯಿ, ಉಂಗುರ ತೆಗೀಬೇಕು. ಬಳೆನೂ. ಬಾತುಕೊಂಡ್ರೆ ಆಮೇಲೆ ಬರಲ್ಲ" ಎಂದರು. ಅಜ್ಜಿ ತಡೆದರು. ಮುತ್ತೈದೆಯ ಕೈ ಬರಿದಾಗುವುದೆಂದರೇನು?

"ಬಳೆ ಅಂಗಡೀಲಿ ಸಿಗ್ತಾವಜ್ಜಿ. ಕೈ ಸಿಗಲ್ಲ."

ಅಜ್ಜಿ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ತಾವೇ ಸಾಬೂನು ನೊರೆ ಮಾಡಿ, ಒಂದೂ ಒಡೆಯದ ಹಾಗೆ ಬಳೆಗಳನ್ನು ಜಾರಿಸಿ, ಮೊಣಕೈಯ ಮೇಲೆ ಅರಿಶಿನದ ದಾರ ಕಟ್ಟಿದರು. ಅರ್ಧ ಗಂಟೆಯ ಹೊತ್ತಿಗೆ ಅಂಗೈಗಳು ಬೋಂಡದಂತೆ ಊದಿಕೊಂಡವು. ಉಂಗುರ ಉಳಿದಿದ್ದರೆ ಬೆರಳಿನ ಗತಿ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ.

ನಮ್ಮ ಬಾಗಿಲ ಮೇಲೆ ದೃಷ್ಟಿಯಾಗದಿರಲೆಂದು ಒಂದು ಲೋಳೆಸರದ ಗಿಡವನ್ನು ತಲೆಕೆಳಗಾಗಿ ಕಟ್ಟಿತ್ತು. ಸುಟ್ಟ ಗಾಯಕ್ಕೆ ಅದು ಆಗುತ್ತದೆಂದು ನಾನು ಎಲ್ಲೋ ಓದಿದ್ದೆ. ಕೀಳಲು ಕೈ ಎತ್ತಿದೆ.

"ಅದು ಬಾಗಿಲು ಕಾಯೋದು, ಅಲ್ಲೇ ಇರ್ಲಿ," ಎಂದರು ಸಾಬರು. "ಹೊಗೆ, ಧೂಳು ಕುಡಿದೈತಿ. ನಾನು ಬ್ಯಾರೆ ತರ್ತೀನಿ. ಆದ್ರೆ ಮೊದ್ಲು ಆಸ್ಪತ್ರೆ." ಹಾಗೆಂದು ನನ್ನ ಹೆಂಡತಿಯ ಕೈಗಳನ್ನು ಮುಟ್ಟದೆ, ಬಗ್ಗಿ ನೋಡಿದರು. "ಈ ಎಡಗೈ ಬುಡದಾಗೆ ಬಿಳಿಯಾಗೈತಲ್ಲ, ಇಲ್ಲಿ ನೋವೇ ಇಲ್ಲ ಅಲ್ವೇನ್ ತಾಯಿ?"

ಆಕೆ ಇಲ್ಲ ಎಂದು ತಲೆಯಾಡಿಸಿದಳು.

"ಅಲ್ಲಿ ನನ್ನ ಲೋಳಸರ ನಡಿಯಲ್ಲ. ಅದು ಡಾಕ್ಟರದ್ದು. ಕೆಂಪು ಇರೋ ಕಡೆ, ಗುಳ್ಳೆ ಇರೋ ಕಡೆ ಅಷ್ಟೇ ನಂದು."

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಸುಟ್ಟ ಜಾಗವನ್ನು ತೊಳೆದು, ಸೂಜಿ ಹಾಕಿ, ಆ ಬಿಳಿಯ ಜಾಗವನ್ನೇ ತೋರಿಸಿ, "ಇದೊಂದು ಆಳಕ್ಕೆ ಹೋಗಿದೆ. ಇದಕ್ಕೆ ನನ್ನ ಮುಲಾಮು ಬಿಟ್ಟು ಬೇರೇನೂ ಬೇಡ" ಎಂದರು. ಲೋಳೆಸರದ ಮಾತೆತ್ತಿದೆ. ಶುದ್ಧವಾಗಿ ತೊಳೆದು ಉಳಿದ ಕಡೆ ಹಚ್ಚುವುದಾದರೆ ತಮ್ಮ ಅಡ್ಡಿಯಿಲ್ಲವೆಂದರು. ಆಮೇಲೆ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು. "ಪ್ರಾಣಕ್ಕೆ ಭಯವಿಲ್ಲ. ನನಗೆ ಚಿಂತೆ ಬೆರಳಿನದು. ಹೊಸ ಚರ್ಮ ಬರುವಾಗ ಅಂಗೈ ಎಳೆದುಕೊಂಡು ಮುಷ್ಟಿಯಾಗಿ ನಿಂತುಬಿಡಬಹುದು. ಬೆರಳು ಒಂದಕ್ಕೊಂದು ಕೂಡಿಕೊಳ್ಳಬಹುದು. ಹಾಗಾದರೆ ನನ್ನ ಕೈಲಿ ಬಿಡಿಸಲು ಆಗುವುದಿಲ್ಲ."

ಮನೆಗೆ ಬಂದಾಗ, ಅಜ್ಜಿ ನೋಡಿಕೊಳ್ಳುತ್ತಿದ್ದ ಮಗು ಅಳುತ್ತಿತ್ತು. ಆಕೆ ಎರಡು ಬಿಳಿ ಗಂಟುಗಳಂತಿದ್ದ ಕೈಗಳನ್ನು ಮುಂದೆ ಚಾಚಿ, ಹತ್ತಿರ ಹೋಗಿ, ನಿಂತಳು. ಐದು ತಿಂಗಳ ಮಗಳನ್ನು ಎತ್ತಿಕೊಳ್ಳಲು ಆಕೆಗೆ ಆಗಲಿಲ್ಲ. ನಾನು ಎತ್ತಿ ಮಡಿಲಲ್ಲಿಟ್ಟೆ. ಮಗು ಎದೆಗೆ ಬಾಯಿಟ್ಟರೂ ತಡಕಾಡುತ್ತಿತ್ತು, ತನ್ನನ್ನು ಹಿಡಿದ ಕೈ ಬೇರೆ ಎಂದು ಅದಕ್ಕೆ ಗೊತ್ತಾಗಿತ್ತು.

"ಯಾರ ತಪ್ಪಿದು?" ಎಂದು ಅಜ್ಜಿ ಜಗುಲಿಯಿಂದ ಸಾಬರನ್ನು ಕೇಳಿದರು. "ಗೆರೆಯಾಚೆ ಇತ್ತು ತಪ್ಪಲೆ. ನಾನು ಕಣ್ಣಾರೆ ಕಂಡೆ. ನೀವು ಆರೋ ಮೊದ್ಲೇ ಇಟ್ರಾ?"

ಸಾಬರು ಒಲೆಯ ಬೂದಿ ಕೆದಕುತ್ತಿದ್ದರು. "ನನ್ನ ಒಲೆ ಮುಂದೆ ಆಗಿದ್ದು, ಅಜ್ಜಿ. ನಂದೇ ಅಂತ ಇಟ್ಕೊಳ್ರಿ."

ನಾನು ಅಲ್ಲೇ ನಿಂತಿದ್ದೆ.

ಸಂಜೆ ಅವರು ತಮ್ಮ ಹಿತ್ತಿಲಿನಿಂದ ಲೋಳೆಸರ ತಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ, ಮೊಳದುದ್ದದ ಎರಡು ಎಲೆಗಳು. ಗಿಡಕ್ಕೆ ಮೂರು ವರ್ಷವಾಗಿರಬೇಕು, ಎಲೆಯನ್ನು ಬುಡದಿಂದಲೇ ತೆಗೆಯಬೇಕು, ನಡುವಿನ ಎಳೆಯ ಎಲೆಗೆ ಕೈ ಹಾಕಬಾರದು ಎಂದು ಹೇಳುತ್ತಾ, ಎಲೆಯ ಬುಡ ಕೊಯ್ದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರು. ಹಳದಿ ಬಣ್ಣದ ರಸ ನಿಧಾನವಾಗಿ ಜಿನುಗಿ ತಳಕ್ಕಿಳಿಯಿತು.

"ಇದು ಪೂರ್ತಿ ಇಳೀಬೇಕು. ಅವಸರ ಮಾಡ್ಬ್ಯಾಡ್ರಿ. ಈ ಹಳದಿ ನೀರು ಸುಟ್ಟ ಚರ್ಮಕ್ಕೆ ಆಗಲ್ಲ. ಉರಿ, ತುರಿಕೆ ಎಬ್ಬಿಸ್ತದೆ."

ಅರ್ಧ ಗಂಟೆ ಸುಮ್ಮನೆ ಕೂತರು. ಅಷ್ಟು ಹೊತ್ತು ಒಂದು ಎಲೆಯನ್ನು ಕಾಯುತ್ತಾ ಕೂತ ಮನುಷ್ಯನನ್ನು ನಾನು ನೋಡಿರಲಿಲ್ಲ. ಆಮೇಲೆ ಅಂಚಿನ ಮುಳ್ಳು ತೆಗೆದು, ಹಸಿರು ಸಿಪ್ಪೆ ಸುಲಿದು, ಒಳಗಿನ ಲೋಳೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಎರಡು ಸಲ ತೊಳೆದು, ತೆಳ್ಳಗೆ ಸೀಳಿ, ಗುಳ್ಳೆಗಳನ್ನು ಒಡೆಯದೆ ಮೇಲೆ ಹಾಸಿದರು. ಬೆಳಿಗ್ಗೆಯಿಂದ ಹಲ್ಲು ಕಚ್ಚಿ ಕೂತಿದ್ದ ನನ್ನ ಹೆಂಡತಿಯ ಭುಜ ಮೊದಲ ಬಾರಿಗೆ ಸಡಿಲವಾಯಿತು.

"ಹ್ಯಾಂಗೈತಿ ತಾಯಿ?"

"ತಣ್ಣಗೆ," ಎಂದಳು. "ಬಾವಿಯೊಳಗೆ ಕೈ ಇಟ್ಟ ಹಾಗೆ."

ಬೆರಳ ಸಂದಿಗಳಿಗೆ ಒಂದೊಂದು ಬಟ್ಟೆಪಟ್ಟಿ ಇಡಬೇಕೆಂದು ಹೇಳಿದವರೂ ಅವರೇ. ಹಳೆಯ ಪಂಚೆಯನ್ನು ಕುದಿಸಿ ಒಣಗಿಸಿ ಸೀಳಿ ತಂದಿದ್ದರು. ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ್ದು ಇವರಿಗೆ ಹೇಗೆ ತಿಳಿಯಿತೆಂದು ಕೇಳಿದಾಗ, ಎಡಗೈ ಎತ್ತಿ ತೋರಿಸಿದರು. ಅಷ್ಟು ದಿನ ಇಕ್ಕಳ ಹಿಡಿದ ಆ ಕೈಯನ್ನು ನೋಡಿದ್ದರೂ ನಾನು ಕಂಡಿರಲಿಲ್ಲ. ಕಿರುಬೆರಳೂ ಉಂಗುರ ಬೆರಳೂ ತುದಿಯವರೆಗೆ ಒಂದಾಗಿದ್ದವು.

"ಹತ್ತು ವರ್ಷದವನಿದ್ದಾಗ ಕೆಂಡದಾಗೆ ಕೈ ಇಟ್ಟಿದ್ದೆ. ನಮ್ಮ ಉಸ್ತಾದ್ರು ಪಾಪ, ಕೆರೆ ಕೆಸರು ಮೆತ್ತಿ, ಗಟ್ಟಿ ಬಟ್ಟೆ ಕಟ್ಟಿದ್ರು. ತಿಂಗಳಾದ ಮೇಲೆ ಬಿಚ್ಚಿದ್ರೆ ಎರಡು ಬೆರಳಿದ್ದ ಜಾಗದಾಗೆ ಒಂದು. ಉಡುತಡಿಯಾಗೆ ಒಬ್ರು ಮುದುಕಿ ಇದ್ರು, ಅವ್ರ ಕೊಳಗಕ್ಕೆ ಕಲಾಯಿ ಹಾಕಕ್ಕೆ ಹೋದಾಗ ಕೈ ನೋಡಿ ಬೈದ್ರು. ಅಯ್ಯೋ ದಡ್ಡ, ಲೋಳಸರ ಇರ್ಲಿಲ್ವಾ, ಬೆರಳ ಸಂದಿಗೆ ಬಟ್ಟೆ ಇರ್ಲಿಲ್ವಾ ಅಂತ. ನನಗೆ ತಡ ಆಯ್ತು. ಇನ್ನೊಬ್ರಿಗೆ ಆಗಬಾರ್ದಲ್ಲ."

ಮರುದಿನದಿಂದ ಸೊರಬದ ತಿರುಗಾಟ ನಿಲ್ಲಿಸಿ, ದಿನಾ ಬೆಳಗಿನ ನಮಾಜು ಮುಗಿಸಿ ನೇರ ನಮ್ಮ ಮನೆಗೆ ಬರುತ್ತಿದ್ದರು. ಒಳಗೆ ಬಂದವರೇ ಮೊದಲು ತಮ್ಮ ಕೈಯನ್ನು ಮೊಣಕೈವರೆಗೆ ಸಾಬೂನಿನಲ್ಲಿ ತೊಳೆಯುತ್ತಿದ್ದರು. ಗಾಯದ ಹತ್ತಿರ ಮೂಗು ತಂದು ವಾಸನೆ ನೋಡುತ್ತಿದ್ದರು. "ಕೀವು ಕಣ್ಣಿಗೆ ಕಾಣೋ ಮೊದ್ಲು ಮೂಗಿಗೆ ಬರ್ತದೆ." ಆಮೇಲೆ ಬೆರಳಾಡಿಸಲು ಹೇಳುವುದು. ನೋವಿಗೆ ಆಕೆಯ ಕಣ್ಣಲ್ಲಿ ನೀರು ಬಂದರೆ ಮಗುವನ್ನು ಎದುರಿಗೆ ಹಿಡಿಯಲು ನನಗೆ ಹೇಳುತ್ತಿದ್ದರು. "ನನ್ನ ಕಡೆ ನೋಡ್ಬ್ಯಾಡ ತಾಯಿ. ಮಗೀನ ಕರಿ. ಬಾ ಬಾ ಅಂತ ಕರಿ, ಐದೂ ಬೆರಳಲ್ಲಿ ಕರಿ." ಆಕೆ ಕರೆಯುತ್ತಿದ್ದಳು. ಮಗು ನಗುತ್ತಿತ್ತು. ಆ ನಗುವಿಗಾಗಿ ಆಕೆ ಇನ್ನೊಂದು ಸಲ ಬೆರಳು ಬಿಡಿಸುತ್ತಿದ್ದಳು.

ನಮ್ಮ ಅತ್ತೆಯವರು ಆ ದಿನಗಳಲ್ಲೇ ಹಾಸಿಗೆ ಹಿಡಿದಿದ್ದರಿಂದ ಸೊರಬದಿಂದ ಬರುವ ಹಾಗಿರಲಿಲ್ಲ. ಅಡುಗೆ, ಮಗುವಿನ ಬಟ್ಟೆ ಎಲ್ಲ ನನ್ನ ಪಾಲಿಗೆ. ರಾತ್ರಿಯೆಲ್ಲ ಮಗು ಏಳುತ್ತಿತ್ತು, ಕೈಯ ಉರಿಗೆ ಆಕೆ ಏಳುತ್ತಿದ್ದಳು, ಎಚ್ಚರವಾಗಿಯೇ ಇರುತ್ತಿದ್ದ ನಾನು ಆ ತಪ್ಪಲೆಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಗೆರೆಯೊಳಗೆ ತಳ್ಳುತ್ತಿದ್ದೆ. ಇತ್ತ ಬೀದಿಯಲ್ಲಿ ಯಾರೂ ಸಾಬರಿಗೆ ಪಾತ್ರೆ ಕೊಡುತ್ತಿರಲಿಲ್ಲ. ಅವರು ಹೊಂಗೆಮರದ ಕೆಳಗೆ ಒಲೆ ಹೂಡಿ, ಗೆರೆ ಎಳೆದು, ಮಧ್ಯಾಹ್ನದವರೆಗೆ ಕೂತು, ಬೂದಿ ಎತ್ತಿ ಹೋಗುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ಹತ್ತನೆಯ ದಿನ ಅವರು ಸೊರಬದ ಕಡೆ ಹೋಗಬೇಕಾಯಿತು. ಅಲ್ಲಿ ಮದುವೆಗಳು ಹತ್ತಿರವಾಗಿದ್ದವು, ಮೊದಲೇ ಒಪ್ಪಿಕೊಂಡಿದ್ದ ಪಾತ್ರೆಗಳು. "ಮೂರೇ ದಿನ. ನೀವೇ ಮಾಡ್ರಿ, ನೋಡೀರಲ್ಲ" ಎಂದು ಎಲೆಗಳನ್ನು ಕೊಟ್ಟು ಹೋದರು.

ಮೊದಲ ದಿನ ಅವರು ಹೇಳಿದಂತೆಯೇ ಮಾಡಿದೆ. ಎರಡನೆಯ ದಿನ ಶಾಲೆಗೆ ಹೊತ್ತಾಗಿತ್ತು. ಲೋಟದಲ್ಲಿ ಜಿನುಗುತ್ತಿದ್ದ ಹಳದಿ ರಸವನ್ನು ನೋಡಿ ನನ್ನ ಓದಿದ ತಲೆ ಒಂದು ತರ್ಕ ಹೂಡಿತು. ಗಿಡದ ಸತ್ವವೆಲ್ಲ ಗಟ್ಟಿಯಾಗಿ ಸೇರಿರುವುದು ಈ ರಸದಲ್ಲೇ ಅಲ್ಲವೇ? ಇದನ್ನು ಚೆಲ್ಲುವುದು ಹಳೆಯ ಮಂದಿಯ ಶಾಸ್ತ್ರವಿರಬೇಕು. ಎಲೆಯನ್ನು ಸೀಳಿ, ರಸದ ಸಮೇತ ಎರಡೂ ಕೈಗೆ ಹಚ್ಚಿ ಪಟ್ಟಿ ಸುತ್ತಿ ಹೋದೆ.

ಮಧ್ಯಾಹ್ನ ಬಂದಾಗ ಆಕೆ ಗೋಡೆಗೆ ತಲೆ ಒರಗಿಸಿ ಕೂತಿದ್ದಳು. ಕೈಗಳು ಕೆಂಡದ ಬಣ್ಣಕ್ಕೆ ತಿರುಗಿದ್ದವು. ವಾಸಿಯಾಗುತ್ತಿದ್ದ ಕಡೆ ದದ್ದು ಎದ್ದಿತ್ತು. ಬೆರಳುಗಳು ಒಳಮುಖವಾಗಿ ಬಾಗಿ ನಿಂತಿದ್ದವು, ನೇರ ಮಾಡಲು ಬರುತ್ತಿರಲಿಲ್ಲ. ಮೈ ಬೆಚ್ಚಗಿತ್ತು. ಆಸ್ಪತ್ರೆಗೆ ಹೋದರೆ ಡಾಕ್ಟರು ಒಂದು ಹೆರಿಗೆಗಾಗಿ ಹಳ್ಳಿಗೆ ಹೋಗಿದ್ದರು, ಬರುವುದು ಸಂಜೆಯಾಗುತ್ತದೆಂದರು. ಕಾಂಪೌಂಡರು ಕೈ ತೊಳೆದು ಪಟ್ಟಿ ಕಟ್ಟಿದರು. ಹೆಂಡತಿಯನ್ನೂ ಮಗುವನ್ನೂ ಅಜ್ಜಿಗೆ ಒಪ್ಪಿಸಿ ನಾನು ಸೊರಬದ ಬಸ್ಸು ಹತ್ತಿದೆ.

ಸೊರಬದ ಬಸ್ ನಿಲ್ದಾಣದಲ್ಲಿ ವಿಚಾರಿಸಿದರೆ, ಸಾಬರು ಜಡೆ ಎಂಬ ಊರಿನಲ್ಲಿದ್ದಾರೆಂದರು. ಅಲ್ಲಿಗೆ ಇನ್ನೊಂದು ಬಸ್ಸು. ಜಡೆಯಲ್ಲಿ ಒಂದು ಆಲದ ಕೆಳಗೆ ಅವರು ಕೂತಿದ್ದರು, ಸುತ್ತ ಮದುವೆ ಮನೆಯ ಹಂಡೆ, ಕೊಳಗ, ಹೆಂಗಸರು.

"ಕೈ ಹಾಳಾಯಿತು ಸಾಬ್ರೆ," ಎಂದೆ.

ಕೆಂಡದ ಮೇಲೆ ಒಂದು ಕೊಳಗವಿತ್ತು. ಅವರು ಅದನ್ನು ಬಿಟ್ಟು ಏಳಲಿಲ್ಲ. ತಿರುಗಿಸಿದರು, ನವಸಾಗರ ಎಸೆದರು, ತವರ ಎಳೆದರು, ಒರೆಸಿದರು. ಕೈಯ ಒಂದು ಚಲನೆಯಲ್ಲೂ ಅವಸರವಿರಲಿಲ್ಲ. ನನಗೆ ಸಿಟ್ಟೇ ಬಂದಿತ್ತು. ಕೊಳಗವನ್ನು ಗೆರೆಯೊಳಗಿಟ್ಟು ಅದರ ಮೇಲೆ ಒದ್ದೆ ಗೋಣಿ ಹೊದಿಸಿ, ಕೆಂಡಕ್ಕೆ ನೀರು ಹಾಕಿದ ಮೇಲೆಯೇ ಎದ್ದರು.

"ಉಳಿದಿದ್ದು ನಾಳಿದ್ದು ಮಾಡ್ತೀನಿ ಅವ್ವಾ. ಈ ಕೊಳಗ ಸಂಜಿತನಕ ಯಾರೂ ಮುಟ್ಟಬ್ಯಾಡ್ರಿ."

"ಎಂತ ಸಾಬ್ರೆ, ಯಾರೋ ಅಟ್ಟಿಸಿಕಂಡು ಬಂದ್ರಲ್ಲ. ಯಾರ ಕೈ ಸುಟ್ರಿ?" ಎಂದಳು ಒಬ್ಬಳು, ತಮಾಷೆಗೆ.

"ಹೌದನ, ಶಿಕಾರಿಪುರದಗೆ ಅದ್ಯಾರೋ ಬಾಣಂತಿ ಕೈ ಸುಟ್ರಂತೆ, ಇವ್ರೇ ಇರ್ಲಕ್ಕು," ಎಂದಳು ಇನ್ನೊಬ್ಬಳು. ಇದು ತಮಾಷೆಯಾಗಿರಲಿಲ್ಲ. ಸುದ್ದಿ ಅಲ್ಲಿಯವರೆಗೆ ಬಂದಿತ್ತು.

ಸಾಬರು ಚೀಲದ ಬಾಯಿ ಕಟ್ಟುತ್ತಾ, "ಬಸ್ಸು ಬರ್ತದೆ, ನಡೀರಿ ಮೇಷ್ಟ್ರೆ" ಎಂದರು.

ಬಸ್ಸಿನಲ್ಲಿ ಹಳದಿ ರಸದ ವಿಷಯ ಹೇಳಿದೆ. ಅವರ ಮುಖ ಸ್ವಲ್ಪ ತಿಳಿಯಾಯಿತು. "ಹಂಗಾದ್ರೆ ಅದು ಕೀವಲ್ಲ. ನೋಡೋಣ." ಹೇಳಬೇಕಾದ ಮಾತು ಇನ್ನೊಂದಿತ್ತು. ಎಷ್ಟೋ ದೂರ ಹೋದ ಮೇಲೆ ಅದೂ ಹೊರಬಿತ್ತು.

"ಆ ತಪ್ಪಲೆಯನ್ನು ಗೆರೆ ದಾಟಿಸಿದವನು ನಾನು."

ಅವರು ಕಿಟಕಿಯ ಕಡೆಯಿಂದ ತಿರುಗಲಿಲ್ಲ. "ಗೊತ್ತೈತಿ."

"ನೋಡಿದ್ರಾ?"

"ಇಲ್ಲ. ಇಕ್ಕಳ ನಾನು ಇಟ್ಟ ಕಡೆ ಇರ್ಲಿಲ್ಲ. ನಲವತ್ತು ವರ್ಷದಿಂದ ಅದನ್ನ ಬಲಗಡೆ ಇಡ್ತೀನಿ. ಎಡಗಡೆ ಇತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಗಾಯ ಮಾಯ್ತಿತ್ತೇನ್ರಿ?" ಎಂದರು. "ಆಕಿ ರಾತ್ರಿಯೆಲ್ಲ ನೋವು ತಿನ್ನೋವಾಗ ಪಕ್ಕದಾಗೆ ಇರೋರು ನೀವೊಬ್ರೇ. ಆಗ ನಿಮ್ಮ ಮೇಲೆ ಸಿಟ್ಟು ಬಂದ್ರೆ ಆಕಿ ಯಾರ್ನ ಕರೀಬೇಕು? ನನ್ನ ಮೇಲೆ ಸಿಟ್ಟಿದ್ರೆ ನಡೀತದೆ, ನಾನು ಸಂಜಿಗೆ ಮನಿಗೆ ಹೋಗ್ತೀನಿ."

ನಾನು ಓದಿದ ಯಾವ ಪುಸ್ತಕದಲ್ಲೂ ಔಷಧದ ಈ ಭಾಗ ಇರಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ತಲೆ ತಗ್ಗಿಸಿ ಕೂತೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸಾಬರು ಕೈ ತೊಳೆದುಕೊಂಡು, ಪಟ್ಟಿ ಬಿಚ್ಚಿ, ಮೂಗು ಹತ್ತಿರ ತಂದರು. "ಕೀವಿಲ್ಲ," ಎಂದರು. ಆರಿಸಿದ ನೀರಿನಲ್ಲಿ ಮತ್ತೆ ತೊಳೆದರು. ಆ ದಿನ ಲೋಳೆಸರ ಹಚ್ಚಲಿಲ್ಲ. "ಇವತ್ತು ಚರ್ಮ ಸುಮ್ನಿರ್ಲಿ," ಎಂದು ಒದ್ದೆ ಬಟ್ಟೆಯನ್ನಷ್ಟೇ ಹಾಸಿದರು. ಡಾಕ್ಟರು ಊರಿಗೆ ಮರಳಿದ ಕೂಡಲೇ ನೋಡಿ ಅದೇ ಮಾತು ಹೇಳಿದರು, ಜ್ವರಕ್ಕೆ ಇನ್ನೊಂದು ಸೂಜಿ ಹಾಕಿದರು.

ಸಾಬರು ಹೊರಟಾಗ ನಾನು ತಡೆದೆ. ಅಜ್ಜಿಯೂ ಅಲ್ಲಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೆಂಡತಿಗೆ ಹೇಳಿದೆ, ಇಕ್ಕಳ, ಬಿಸಿಲು, ಚೀಟಿ, ಎಲ್ಲ.

ಆಕೆ ನನ್ನನ್ನಲ್ಲ, ಸಾಬರನ್ನು ನೋಡಿ, "ಹತ್ತು ದಿನ ನಿಮ್ಮನ್ನ ಮನಸ್ನಲ್ಲೇ ಬೈಕಂಡೆ ಸಾಬ್ರೆ. ನೀವು ಪಟ್ಟಿ ಕಟ್ತಿದ್ರಿ, ನಾನು ಬೈಕಂತಿದ್ದೆ" ಎಂದಳು.

"ಬೈದಿದ್ದು ಒಳ್ಳೇದೇ ಆಯ್ತು ಬಿಡು ತಾಯಿ. ನೋವು ಮರೀತದೆ."

ಆಗ ಆಕೆ ನನ್ನ ಕಡೆ ತಿರುಗಿದಳು. "ನೀವು ನಾಳೆ ಬೀದೀಲಿ ಮನೆ ಮನೆಗೂ ಹೋಗಿ ಇದನ್ನೇ ಹೇಳಬೇಕು. ಆಮೇಲೆ ನನ್ನ ಹತ್ರ ಮಾತಾಡಿ."

"ಅಯ್ಯೋ, ಮೇಷ್ಟ್ರು ಮರ್ಯಾದೆ," ಎಂದರು ಅಜ್ಜಿ.

"ಅವರ ಮರ್ಯಾದೆ ಅವರೇ ನೋಡಿಕೊಳ್ಳಲಿ."

ನಾನು ಹೋದೆ. ಹನ್ನೊಂದು ಮನೆ. ಎಲ್ಲ ಕಡೆ ಒಂದೇ ಮಾತು ಹೇಳುವಷ್ಟರಲ್ಲಿ ನನ್ನ ನಾಲಿಗೆ ಒಣಗಿತ್ತು. ಕೊನೆಯ ಮನೆಯವರು, "ಅದಕ್ಕೇ ಹೇಳೋದು, ಗಂಡಸ್ರನ್ನ ಒಲೆ ಹತ್ರ ಬಿಡಬಾರ್ದು ಅಂತ" ಎಂದು ಹೇಳಿ, ಒಳಗೆ ಹೋಗಿ ಒಂದು ಬೋಗುಣಿ ತಂದು ನನ್ನ ಕೈಗೇ ಕೊಟ್ಟರು, ಸಾಬರಿಗೆ ಮುಟ್ಟಿಸಲು. ಜಡೆಯ ಆ ಹೆಂಗಸರಿಗೂ ಭಾವಮೈದುನನ ಮೂಲಕ ಹೇಳಿ ಕಳಿಸಿದೆ.

ಇದಾದ ಮೇಲಿನ ದಿನಗಳು ನಿಧಾನವಾಗಿ ಸಾಗಿದವು. ದದ್ದು ಇಳಿದ ಮೇಲೆ ಮತ್ತೆ ಲೋಳೆಸರ, ಈಗ ತೆಳ್ಳಗೆ, ದಿನಕ್ಕೆ ಎರಡು ಸಲ. ಗುಳ್ಳೆ ಕಟ್ಟಿದ್ದ ಚರ್ಮ ಒಣಗಿ ಸುಲಿದು, ಕೆಳಗೆ ಎಳೆಮಗುವಿನ ಕೆನ್ನೆಯಂಥ ಗುಲಾಬಿ ಬಣ್ಣದ ಚರ್ಮ ಬಂತು. ಅದು ತುರಿಸುತ್ತಿತ್ತು. "ಕೆರೀಬ್ಯಾಡ, ಲೋಳೆ ಸವರು. ಬಿಸಿಲಿಗೆ ಒಡ್ಡಬ್ಯಾಡ, ಕಪ್ಪಾಗ್ತದೆ" ಎಂದು ಸಾಬರು ಹೇಳುತ್ತಿದ್ದರು. ಎಡಗೈ ಬುಡದ ಆ ಬಿಳಿಯ ಜಾಗ ಮಾತ್ರ ಡಾಕ್ಟರ ಮುಲಾಮಿನಲ್ಲಿ ತಡವಾಗಿ ಮಾಗಿತು. ಅಲ್ಲೊಂದು ಗಂಟುಗಂಟಾದ ಕಲೆ ಉಳಿಯಿತು. ಈಗಲೂ ಇದೆ. ಸಾಬರು ಆ ಜಾಗದತ್ತ ಒಮ್ಮೆಯೂ ಲೋಳೆ ತರಲಿಲ್ಲ. ಒಂದು ದಿನ ನಾನೇ, "ಇಷ್ಟು ಚೆನ್ನಾಗಿ ಆಗಿದೆಯಲ್ಲ, ಅಲ್ಲಿಗೂ ಸ್ವಲ್ಪ" ಎಂದೆ. "ಮೇಷ್ಟ್ರೆ, ಗಿಡಕ್ಕೆ ತನ್ನ ಕೆಲ್ಸ ಗೊತ್ತು. ಗೊತ್ತಿಲ್ದೋರು ನಾವು," ಎಂದು ನಕ್ಕರು. ನನ್ನನ್ನು ಅವರು ಗೇಲಿ ಮಾಡಿದ್ದು ಅದೊಂದೇ ಸಲ.

ಇಪ್ಪತ್ತೈದನೆಯ ದಿನವೋ ಏನೋ, ಸಂದಿಯ ಪಟ್ಟಿಗಳನ್ನು ಪೂರ್ತಿ ತೆಗೆದರು. ಆಕೆ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಐದೂ ಬೇರೆ ಬೇರೆ. ಎಡಗೈ ಪೂರ್ತಿ ಚಾಚಲು ಬರದಿದ್ದರೂ, ಅಲ್ಲೂ ಐದು. ಸಾಬರು ತಮ್ಮ ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಅದನ್ನು ನೋಡುತ್ತಾ ಕೂತಿದ್ದರು. "ಮಗೀನ ಕೊಡ್ರಿ," ಎಂದರು ನನಗೆ. ಕೊಟ್ಟೆ. ಆಕೆ ಮಗಳ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿ ಎದೆಗೊರಗಿಸಿದಳು. ಭಾರಕ್ಕೆ ಕೈ ಸೋತರೂ ಬಿಡಲಿಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಳೆಯವ್ನ ಕರೀಲಾ?" ಎಂದರು.

"ಇನ್ನೆಂಟು ದಿನ ತಡೀರಿ ಅಜ್ಜಿ," ಎಂದರು ಸಾಬರು. ಕೈ ಪೂರ್ತಿ ಮಾಗಿತೆಂದು ಅವರು ಆಗಲೂ ಹೇಳಲಿಲ್ಲ. ಮರುದಿನ ಮತ್ತೆ ಬಂದರು. ಅದರ ಮರುದಿನವೂ.

ಅದಾಗಿ ಒಂದು ವಾರದೊಳಗೆ ಒಂದು ಮಂಗಳವಾರ, ನಾನು ಕಣ್ಣು ಬಿಟ್ಟಾಗ ಅಡುಗೆಮನೆಯವರೆಗೆ ಬಿಸಿಲು ಬಂದಿತ್ತು. ಏನೋ ಅನಾಹುತವಾಗಿದೆ ಎಂದು ಗಾಬರಿಯಿಂದ ಎದ್ದು ಕೂತೆ. ಮಗು ಅತ್ತಿರಲಿಲ್ಲ. ಆಕೆ ಎದ್ದಿರಲಿಲ್ಲ. ನಾನೂ ಎದ್ದಿರಲಿಲ್ಲ. ಇಡೀ ರಾತ್ರಿ ಮೂವರೂ ಒಂದೇ ನಿದ್ದೆ. ಬಾಗಿಲು ತೆರೆದರೆ ಜಗುಲಿಯ ಮೇಲೆ ಅಜ್ಜಿ ಅಕ್ಕಿ ಆರಿಸುತ್ತಾ ಕೂತಿದ್ದರು.

"ಸಾಬ್ರು ಬಂದಿದ್ರು," ಎಂದರು. "ಬಾಗ್ಲು ಬಡೀಲಾ ಅಂದೆ. ಬ್ಯಾಡ ಅಂದ್ರು. ರಾತ್ರಿ ಮಗು ಅತ್ತಿದ್ದು ಕೇಳಿಸ್ತಾ ಅಂತ ಕೇಳಿದ್ರು. ಇಲ್ಲ ಅಂದೆ. ಇಲ್ಲೇ ಒಂದಿಷ್ಟು ಹೊತ್ತು ನಿಂತಿದ್ರು. ಆಮೇಲೆ, ಹಂಗಾದ್ರೆ ಮಾಯ್ತು, ಇನ್ನು ನಾನು ಬರಲ್ಲ, ಯಾರೂ ಎಬ್ಬಿಸದ ಹಂಗೆ ನೋಡ್ಕೊಳ್ರಿ ಅಂತ ನನ್ನ ಇಲ್ಲಿ ಕೂರ್ಸಿ ಹೋದ್ರು."

ನಾನು ಒಳಗೆ ತಿರುಗಿ ನೋಡಿದೆ. ಹೆಂಡತಿ ಇನ್ನೂ ಮಲಗಿದ್ದಳು. ಅಜ್ಜಿ ದನಿ ತಗ್ಗಿಸಿ, "ನೀವೂ ಹೋಗಿ ಮಲಗ್ರಿ ಮೇಷ್ಟ್ರೆ. ನಾನಿದೀನಿ" ಎಂದರು. ಶಾಲೆಗೆ ಹೊತ್ತಾಗಿತ್ತು. ಆದರೂ ಒಳಗೆ ಹೋಗಿ ಮಲಗಿದೆ.